ಪಕ್ಕದ ಕೈಗಳು

ಹಾಸನದ ಮಂಡಿಯಲ್ಲಿ ಹದಿನೇಳು ವರ್ಷ
ಆಲೂಗಡ್ಡೆ ಹರಾಜು ಕೂಗಿದವನು ನಾನು.
ಮೂಟೆಯ ಮೇಲೆ ನಿಂತರೆ
ಯಾರೋ ಹುಬ್ಬು ಹಾರಿಸಿದ್ದೂ ಸವಾಲೇ ನನಗೆ.

ಗೌರಿ ಹಬ್ಬದ ಹಿಂದಿನ ದಿನ
ಬಲಗಡೆ ಸಮೀವುಲ್ಲಾ ಕೈ ಎತ್ತಿದನಂತೆ, ಎರಡು ಸಲ,
ಎಡದಿಂದ ಶಾಂತಿಗ್ರಾಮದ ಪುಟ್ಟಶೆಟ್ಟರೂ.
ನಾನು ಎದುರಿದ್ದವನಿಗೇ ಮೂರು ಎಂದುಬಿಟ್ಟೆ.
"ಎಷ್ಟು ತಿಂದೆ ಅವನ ಹತ್ರ?"
ಹದಿನೇಳು ವರ್ಷದ ಮಾತು ಒಂದೇ ಲಾಟಿನಲ್ಲಿ ಹೋಯಿತು.

ಕನ್ನಡಕ ಬದಲಿಸಿದೆ. ಬಾಗಿಲ ಚೌಕಟ್ಟು
ಭುಜಕ್ಕೆ ಬಡಿಯುವುದು ಬಿಡಲಿಲ್ಲ.

ದೊಡ್ಡಾಸ್ಪತ್ರೆಯ ಕತ್ತಲ ಕೋಣೆಯಲ್ಲಿ
ಗದ್ದ ಊರಿಸಿ, ಕೈಗೊಂದು ಗುಂಡಿ ಕೊಟ್ಟರು:
ಬೆಳಕಿನ ಚುಕ್ಕಿ ಕಂಡಾಗೆಲ್ಲ ಒತ್ತಿ.
ಒತ್ತಿದೆ. ಆಮೇಲೆ ಬಹಳ ಹೊತ್ತು ಕಾದೆ.
ಹಾಳೆ ಹೊರಬಂತು: ಎರಡೂ ಅಂಚು ಕಪ್ಪು,
ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ.

ಮೂಗಿನ ಬುಡದಾಚೆ, ಮೂಳೆಯ ಪುಟ್ಟ ಕುಳಿಯಲ್ಲಿ
ಕಡಲೆಕಾಳಿನಷ್ಟು ಗ್ರಂಥಿಯಂತೆ. ಅದರಲ್ಲೊಂದು ಗಂಟು.
"ಕ್ಯಾನ್ಸರ್ ಅಲ್ಲ," ಮೊದಲೇ ಹೇಳಿದರು ಡಾಕ್ಟರ್ ಪಾರಿಜಾತ,
"ಹಾರ್ಮೋನೂ ಸುರಿಸಲ್ಲ. ಅದಕ್ಕೇ ಗೊತ್ತಾಗೋದು ತಡ."
ಅರ್ಥವಾಯಿತು. ಮಂಡಿಯಲ್ಲೂ ಅಂಥವರಿದ್ದಾರೆ,
ಕೊಳ್ಳುವುದಿಲ್ಲ, ಮಾರುವುದಿಲ್ಲ, ಜಗಳಕ್ಕೂ ಬರುವುದಿಲ್ಲ,
ಸುಮ್ಮನೆ ದಪ್ಪಗಾಗುತ್ತಾ ದಾರಿಗೆ ಅಡ್ಡ ಕೂರುತ್ತಾರೆ.
ಗಾತ್ರ ಕೇಳಿದೆ. ಎರಡೂವರೆ ಸೆಂಟಿಮೀಟರ್.
ಗೋಲಿ, ಎಂದೆ, ನಮ್ಮಲ್ಲಿ ಅದಕ್ಕೆ ರೇಟೇ ಇಲ್ಲ.
ಅವರು ನಗಲಿಲ್ಲ. ಕಣ್ಣಿನ ನರಗಳು ಹಾಯುವುದು
ಸರಿಯಾಗಿ ಅದರ ನೆತ್ತಿಯ ಮೇಲೆ.
"ಚಿಕ್ಕದಾಗಿದ್ದು, ನರ ಮುಟ್ಟದೆ ಇದ್ದಿದ್ದರೆ
ಸ್ಕ್ಯಾನ್ ಮಾಡಿಸುತ್ತಾ ಕಾಯಬಹುದಿತ್ತು."

ಮೂಗಿನ ಹಾದಿಯಲ್ಲೇ ಹೋಗಿ ಕೆರೆದು ತೆಗೆದರು.
ಆಮೇಲೆ ಮೂಗು ಸೀಟುವಂತಿಲ್ಲ, ಮೂಟೆ ಎತ್ತುವಂತಿಲ್ಲ,
ಕುಡಿದ ನೀರಿಗೂ ಹೊಯ್ದ ನೀರಿಗೂ ಲೆಕ್ಕ.
ಜಯಶೀಲ ನನ್ನ ಹಳೇ ತೂಕದ ಪುಸ್ತಕದಲ್ಲೇ
ಗೆರೆ ಎಳೆದು ಬರೆದಳು: ಆವಕ, ಜಾವಕ.
ಬೆಳಗಿನ ಮಾತ್ರೆಯನ್ನು ನಾನು ನುಂಗುವ ತನಕ
ಕಾಫಿ ಲೋಟ ಅವಳ ಕೈಯಲ್ಲೇ.

ರಕ್ತನಾಳಕ್ಕೆ ಅಂಟಿದ ಚೂರೊಂದು ಒಳಗೇ ಉಳಿದಿದೆ.
ಬೆಳೆಯದೆಯೂ ಇರಬಹುದು ಎನ್ನುತ್ತಾರೆ. ಇರಲಿ.
ಕಣ್ಣಿರುವ ಚೂರು ಏನು ಮಾಡುತ್ತದೆಂದು
ಆಲೂಗಡ್ಡೆಯವನಿಗೆ ಹೇಳಿಕೊಡಬೇಕೇ?
ವರ್ಷಕ್ಕೊಮ್ಮೆ ಆ ಯಂತ್ರದ ಕೊಳವೆಯೊಳಗೆ
ಅಲ್ಲಾಡದೆ ಮಲಗಿ ಬರುತ್ತೇನೆ.

ಬಲಗಡೆ ಪೂರ್ತಿ ಮರಳಿದೆ. ಎಡಗಡೆ ಸಂಜೆಯ ಹಾಗೆ.
ಈಗ ಮೂಟೆ ಹತ್ತುವುದಿಲ್ಲ, ನೆಲದಲ್ಲೇ ನಿಂತು ಕೂಗುತ್ತೇನೆ.
ಮೂರು ಎನ್ನುವ ಮೊದಲು
ಕುತ್ತಿಗೆಯನ್ನೇ ತಿರುಗಿಸುತ್ತೇನೆ, ಎಡಕ್ಕೆ, ಬಲಕ್ಕೆ.
ಸಮೀವುಲ್ಲಾ ಕೈ ಎತ್ತುವುದನ್ನೇ ಬಿಟ್ಟಿದ್ದಾನೆ,
ಕೆಮ್ಮುತ್ತಾನೆ.
ಒಂದು ಕೆಮ್ಮಿಗೆ ಹತ್ತು ರೂಪಾಯಿ ಏರಿಸಿ
ಮುಂದಕ್ಕೆ ಕೂಗುತ್ತೇನೆ.