ಗೀರು

ಕೋಡಿಬಾಗದ ಬೋಸ್ತ್ಯಾಂವನ ಭಟ್ಟಿ
ಬೆಳಗಿನ ಮೂರಕ್ಕೇ ಹೊಗೆಯಾಡುತ್ತಿತ್ತು.
ಅವ್ವಿ ಬುಟ್ಟಿಯಿಂದ ನಾಕು ಬಂಗಡೆ ಎಣಿಸುವಳು,
ಅವನು ಆರು ಪಾವು.
ದುಡ್ಡು ಎಂಬುದು ನಡುವೆ ಬರುತ್ತಿದ್ದುದು
ದೋಣಿ ಮೇಲೇರಿದ ಆಷಾಢದಲ್ಲಿ ಮಾತ್ರ.

ಒಲೆಯ ಬಿಸಿಗೆ ಬೆನ್ನು ಕೊಟ್ಟು ನಾನು ನೋಡುತ್ತಿದ್ದೆ:
ಉಬ್ಬಿದ ಹಿಟ್ಟಿನ ನೆತ್ತಿಗೆ
ಬ್ಲೇಡಿನಿಂದ ಅಡ್ಡ ಒಂದು, ಉದ್ದ ಒಂದು,
ಪಾಟಿಯ ಮೇಲಿನ ಕೂಡಿಸುವ ಲೆಕ್ಕದ ಹಾಗೆ.
'ಯಾಕೆ ಗೀರ್ತೀ?'
'ಸೈತಾನ ಹೊರಗೆ ಹೋಗ್ಲಿಕ್ಕೆ.'
ಅವನಜ್ಜಿಗೆ ಅವಳಜ್ಜಿ ಹೇಳಿದ್ದಂತೆ,
ಆ ಅಜ್ಜಿಯ ಅಜ್ಜಿಗೆ ಒಬ್ಬ ಹಡಗಿನ ಅಡುಗೆಯವನು,
ಅವನಿಗೆ, ಯಾವುದೋ ಚಳಿಯೂರಲ್ಲಿ,
ಕೆಂಡದ ಬೂದಿಯಲ್ಲಿ ರೊಟ್ಟಿ ಹೂಳುತ್ತಿದ್ದ ತಾಯಿ.

ಅವ್ವಿ ನಗುವಳು:
'ಸೈತಾನನೂ ಇಲ್ಲ, ಗೀತಾನನೂ ಇಲ್ಲ.
ಇಸವಾಣಕ್ಕೆ ಗೀರು ಹಾಕದಿದ್ರೆ
ಉಪ್ಪು ಒಳಗ್ ಹೋಗೂದ್ ಹ್ಯಾಂಗೆ?'

ಹೋಗುವುದಕ್ಕೋ ಬರುವುದಕ್ಕೋ
ಗೀರಂತೂ ಒಂದೇ.

ಹಡಗಿನವರು ಬಂದದ್ದು ಮೆಣಸಿಗೆ.
ಘಟ್ಟದ ಮೇಲಿನ ಕಾಳು ಎತ್ತಿನ ಬೆನ್ನಿಳಿದು
ಕಾಳೀನದಿಯ ಬಾಯಿ ದಾಟಿ
ಯಾರದೋ ಹಬ್ಬದ ಹಂದಿಮಾಂಸದ ಮೇಲೆ ಕೂತಿತು.
ಬದಲಿಗೆ ಅವರು ಇಳಿಸಿದ್ದು ಒಂದು ಕೆಂಪು ಕಾಯಿ.
ನಾವು ಹೊಸ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ,
ಮೆಣಸಿಗೇ ಕಾಯಿ ಅಂಟಿಸಿ
ಕೊಬ್ಬರಿಯ ಜೊತೆ ಅರೆದುಬಿಟ್ಟೆವು.

ಹಿಟ್ಟು ತಂದವರ ಹತ್ತಿರ ಹುಳಿ ಇರಲಿಲ್ಲ.
ಬಿಯರಿನ ನೊರೆ, ದ್ರಾಕ್ಷಿಪೀಪಾಯಿಯ ಗಷ್ಟು,
ಎಲ್ಲ ದಾರಿಯಲ್ಲೇ ಸತ್ತಿದ್ದವು.
ಆಗ ಇಲ್ಲಿಯವನೊಬ್ಬ ಮರದಿಂದ ಮಡಕೆ ಇಳಿಸಿಕೊಟ್ಟ.
ಅವರ ರೊಟ್ಟಿಗೆ ಉಸಿರಾಡಲು ಕಲಿಸಿದ್ದು
ನಮ್ಮ ತೆಂಗಿನ ಕಳ್ಳು,
ಅಂತ ಬೋಸ್ತ್ಯಾಂವ.
ಪುಸ್ತಕದಲ್ಲಿ ಇದೆಯೋ ಇಲ್ಲವೋ, ನಾನು ಹುಡುಕಿಲ್ಲ.

ಅವನಿಗೆ ಕಳ್ಳು ತರುತ್ತಿದ್ದವನು ಅರ್ಗಾದ ಜಟ್ಟಿ ನಾಯ್ಕ.
ನೌಕಾನೆಲೆಯ ಬೇಲಿ ಬಂದ ವರ್ಷ
ಮರಗಳು ಒಳಗೆ, ಜಟ್ಟಿ ಹೊರಗೆ.
ಕೊನೆಯ ಮಡಕೆ ತಂದ ದಿನ
ಭಟ್ಟಿಯ ಮೆಟ್ಟಿಲಲ್ಲೇ ಕೂತು ಅರ್ಧ ತಾನೇ ಕುಡಿದ.
ಅಂದಿನ ಪಾವು ಗಟ್ಟಿ. ಯಾರೂ ದೂರಲಿಲ್ಲ.

ಆಮೇಲೆ ಯೀಸ್ಟಿನ ಪೊಟ್ಟಣ.
ಪಾವು ಉಬ್ಬಿತು, ಹಿಂದಿಗಿಂತ ಎತ್ತರಕ್ಕೇ ಉಬ್ಬಿತು.
ಅವ್ವಿ ಒಂದನ್ನು ಮುರಿದು ಮೂಸಿದಳು,
ಏನೂ ಹೇಳದೆ
ಒಂದು ಬಂಗಡೆ ಬುಟ್ಟಿಗೆ ವಾಪಸು ಹಾಕಿಕೊಂಡಳು.

ಬೋಸ್ತ್ಯಾಂವನೂ ಏನೂ ಹೇಳಲಿಲ್ಲ.
ಮುಂದಿನ ಉಂಡೆಯನ್ನು ಹತ್ತಿರ ಎಳೆದು
ಅಡ್ಡ ಒಂದು ಗೀರಿದ;
ಉದ್ದದ್ದು ಮರೆತ.