ಹಳೆಯ ನಂಬರು

ಝೇಲಂ ಕಚೇರಿಯ ಹೊರಗೆ, ಶೀಶಮ್ ಮರದಡಿ ಕೂತು
ಅರ್ಜಿ ಬರೆಯುವವನು ನಾನು. ಹಾಳೆಗೆ ಎರಡಾಣೆ.
ಬಖ್ತಾವರ್ ಬೀಬಿಗೆ ಇದು ಏಳನೆಯದು.

ಗಂಡ ಫತೇ ಶೇರ್, ಸಿಪಾಯಿ,
ಪಲ್ಟನ್ನು ನೂರಾ ಮೂವತ್ತೇಳು.
ಟೈಗ್ರಿಸ್ ದಂಡೆಯ ಕೆಸರಲ್ಲಿ, ಜನವರಿಯಲ್ಲಿ.
ಹೆಣ ಬರಲಿಲ್ಲ. ಬೂಟು ಪಾಲಿಶಿನ ಡಬ್ಬಿ ಬಂತು,
ಇನ್ನೂ ಅರ್ಧ ಉಳಿದಿತ್ತು.

ಗುಮಾಸ್ತ ರಿಜಿಸ್ಟರು ತಿರುವಿ ಹೇಳಿದ:
"ಆ ನಂಬರಿನ ಪಲ್ಟನ್ನೇ ಈಗಿಲ್ಲಮ್ಮ.
ಮೂರನ್ನು ಕೂಡಿಸಿ ಒಂದು ಮಾಡಿದರು.
ಹೊಸ ಪಟ್ಟಿಯಲ್ಲಿ ನಿನ್ನ ಗಂಡನ ಹೆಸರು ಹತ್ತಿಲ್ಲ."

ಪಲ್ಟನ್ನಿನ ಚರಿತ್ರೆ ಅಚ್ಚಾಗಿದೆಯಂತೆ, ಕೆಂಪು ರಟ್ಟು:
ಯಾವ ಕರ್ನಲ್ ಯಾವ ವರ್ಷ ಬಂದ,
ಮೆಸ್ಸಿನ ಮೇಜಿಗೆ ಬೆಳ್ಳಿಯ ಹುಲಿ ಕೊಟ್ಟವರಾರು,
ಕೊನೆಗೊಂದು ಸಾಲು:
ಇತರೆ ಶ್ರೇಣಿ, ಸತ್ತವರು ಇನ್ನೂರ ಹನ್ನೆರಡು.

ಬಖ್ತಾವರ್ ಮೆತ್ತಗೆ ಕೇಳಿದಳು:
"ಮುನ್ಷೀಜಿ, ನಂಬರು ಬದಲಾದದ್ದು
ಅವರಿಗೆ ಯಾರಾದರೂ ಹೇಳಿದರೋ ಇಲ್ಲವೋ?
ಹಾಜರಿ ಕೂಗುವಾಗ
ಹಳೆಯದಕ್ಕೇ ಕಿವಿಗೊಟ್ಟು ನಿಂತಿದ್ದರೆ?"

ಅರ್ಜಿಯಲ್ಲಿ ಬರೆಯುವಂಥದ್ದಲ್ಲ. ಬರೆದೆ,
ಸರ್ಕಾರಿ ಮಾತಿನಲ್ಲಿ,
"ವಿನಯಪೂರ್ವಕ ಅರಿಕೆ"ಯ ಕೆಳಗೆ.

ಸೆರಗಿನ ಗಂಟು ಬಿಚ್ಚಿ ಎರಡಾಣೆ ಇಟ್ಟಳು.
ಬೇಡವೆನ್ನಬೇಕಿತ್ತು.
ನಮ್ಮ ಮನೆಯಲ್ಲೂ ಅಂದು ಹಿಟ್ಟಿರಲಿಲ್ಲ.