ಕಾಲು ಕಾವು

ಬನಹಟ್ಟಿ. ಖಾಜೇಸಾಬನ ರಿಪೇರಿ ಅಂಗಡಿ.
ಗಂಜಿ ಕುದಿಸೋ ಕಾಯಿಲ್ ಟೇಬಲ್ ಮ್ಯಾಲ ಕುಕ್ಕಿ
ನಿಂತಾಳ ನೀಲವ್ವ: "ಹೊಸಾದು ಅಂದಿ, ಕಾಯಂಗಿಲ್ಲ."

ಅವ ಬೀಡಿಕಟ್ಟಿನ ಕಾಗದ ಬಿಚ್ಚಿ ಬರದ:
ಇನ್ನೂರ ಮೂವತ್ತು ವೋಲ್ಟು, ಐದು ಆಂಪು.
ಭಾಗಿಸಿದರ ನಲವತ್ತಾರು ಓಮು,
ಗುಣಿಸಿದರ ಸಾವಿರದ ನೂರಾ ಐವತ್ತು ವ್ಯಾಟು.
"ಕಾಯಿಲ್ ಸುದ್ದ ಐತಿ, ಯವ್ವಾ.
ಸಂಜಿಮುಂದ ಓಣಿತುಂಬ ಮಗ್ಗ ಎದ್ದಾಗ
ವೋಲ್ಟು ನೂರಾ ಹದಿನೈದಕ್ಕ ಕುಂದರತೈತಿ.
ವೋಲ್ಟು ಅರ್ಧಾದರ ಕರೆಂಟೂ ಅರ್ಧ,
ಅರ್ಧದಾಗ ಅರ್ಧ, ಕಾವು ಬರೇ ಕಾಲು."

ಆಕಿ ಚೀಟಿ ತಿರುವಿ ತಿರುವಿ ನೋಡಿದ್ಲು.
"ಸೇಠ ಅರ್ಧ ಪಗಾರ ಕೊಟ್ಟ ವಾರ
ನಾ ಕಾಲು ಸೀರಿ ನೇದಿಲ್ಲಲ್ಲ?"

ಖಾಜೇಸಾಬ ಮೀಟರಿನ ಮುಳ್ಳು ಸುಮ್ಮನ ತಟ್ಟಿದ.

ಚೀಟಿ ಮಡಚಿ ಸೆರಗಿನ ತುದಿಗೆ ಗಂಟು ಹಾಕಿದ್ಲು:
"ಈ ಲೆಕ್ಕ ನನ್ನ ಕಡೆ ಇರಲಿ.
ಶನಿವಾರ ಬಟವಡೆ."